ಮರದ ರೆಕ್ಕೆಗಳ ಜೀರ್ಣೋದ್ಧಾರ

ಎಂಜಿನ್ನಿನ ನೆರವಿಲ್ಲದೆ, ಇಂಧನದ ಒಂದು ತೊಟ್ಟನ್ನೂ ಸುಡದೆ, ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿಯನ್ನೂ ಬೆಟ್ಟದ ಇಳಿಜಾರಿಗೆ ತಾಗಿ ಊರ್ಧ್ವಮುಖವಾಗುವ ಮಾರುತವನ್ನೂ ಮಾತ್ರವೇ ಆಶ್ರಯಿಸಿ ಗಂಟೆಗಟ್ಟಲೆ ಆಕಾಶದಲ್ಲಿ ಸಂಚರಿಸಬಲ್ಲ ವಿಮಾನಕ್ಕೆ ಗ್ಲೈಡರು ಎಂದು ಹೆಸರು. ಇಂದಿನ ಗ್ಲೈಡರುಗಳು ಗಾಜಿನ ಮತ್ತು ಇಂಗಾಲದ ನಾರುಗಳನ್ನು ರಾಳದೊಡನೆ ಅಚ್ಚಿನಲ್ಲಿ ಕೂಡಿಸಿ ನಿರ್ಮಿಸಿದವು. ಆದರೆ ಈ ವಿದ್ಯೆ ಹುಟ್ಟಿ ಬೆಳೆದು ಪ್ರೌಢವಾದ ದಶಕಗಳಲ್ಲಿ ಗ್ಲೈಡರೆಂದರೆ ಮರ, ಬಟ್ಟೆ, ಅಂಟು ಈ ಮೂರರ ಸಂಯೋಗವೇ ಆಗಿದ್ದಿತು. ಆ ಕಾಲದಲ್ಲಿ ಬಡಗಿಯ ಉಳಿಯಿಂದಲೂ ಕೀಸುಳಿಯಿಂದಲೂ ರೂಪುಗೊಂಡ ಆ ವಿಮಾನಗಳಲ್ಲಿ ಉಳಿದಿರುವುವು ಕೆಲವೇ ಕೆಲವು. ಅವುಗಳನ್ನು ಹುಡುಕಿ ತೆಗೆದು, ಶಿಥಿಲವಾದ ಅಂಗಗಳನ್ನು ಸರಿಪಡಿಸಿ, ಸಾಧ್ಯವಾದೆಡೆ ಮರಳಿ ಗಾಳಿಗೇರಿಸುವ ಕಾರ್ಯವು ಯೂರೋಪಿನಲ್ಲಿ ಅರ್ಧ ಶತಮಾನದಿಂದ ಶ್ರದ್ಧೆಯಿಂದ ನಡೆದುಬಂದಿದೆ. ಆ ಕಾರ್ಯದ ಸ್ವರೂಪವೇನು, ಅದರಲ್ಲಿ ನಿಜವಾಗಿ ರಕ್ಷಿತವಾಗುವುದು ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಇತಿಹಾಸವನ್ನು ಸಂಕ್ಷೇಪವಾಗಿ ನೆನೆಯುವುದು ಅವಶ್ಯ. ಜರ್ಮನಿಯ ಓಟ್ಟೊ ಲಿಲಿಯೆಂಟಾಲನು 1891ರಿಂದ ತೊಡಗಿ, 1896ರ ಆಗಸ್ಟಿನಲ್ಲಿ ಬಿದ್ದು ಪ್ರಾಣಬಿಡುವವರೆಗೆ, ಬೆತ್ತದಂತೆ ಬಾಗುವ ವಿಲೋ ಮರದ ಕಡ್ಡಿಗಳಿಗೆ ಹತ್ತಿಯ ಬಟ್ಟೆ ಬಿಗಿದು ಮಾಡಿದ ರೆಕ್ಕೆಗಳನ್ನು ತೋಳಿಗೇರಿಸಿಕೊಂಡು ಗುಡ್ಡಗಳಿಂದ ಸಾವಿರಾರು ಬಾರಿ ತೇಲಿ ಇಳಿದನು. ಮೊದಲ ಮಹಾಯುದ್ಧದ ತರುವಾಯ ವರ್ಸೇಲ್ಸ್ ಒಪ್ಪಂದವು ಜರ್ಮನಿಯಲ್ಲಿ ಎಂಜಿನ್ ವಿಮಾನಗಳ ನಿರ್ಮಾಣಕ್ಕೆ ಕಠಿಣ ನಿರ್ಬಂಧವನ್ನು ಹೇರಿದಾಗ, ಹಾರಾಟದ ಹಂಬಲವನ್ನು ಬಿಡಲಾರದ ತರುಣರು ಎಂಜಿನ್ನಿಲ್ಲದ ವಿಮಾನದ ಕಡೆಗೆ ತಿರುಗಿದರು. ಮಧ್ಯ ಜರ್ಮನಿಯ ರೋನ್ ಬೆಟ್ಟಸಾಲಿನಲ್ಲಿ 950 ಮೀಟರು ಎತ್ತರದ, ಮರಗಳಿಲ್ಲದ ವಾಸರ್‌ಕುಪ್ಪೆ ಎಂಬ ಶಿಖರದ ಮೇಲೆ, ಓಸ್ಕರ್ ಉರ್ಸಿನುಸ್ ಎಂಬ ಪತ್ರಿಕಾ ಸಂಪಾದಕನ ಪ್ರೇರಣೆಯಿಂದ, 1920ರಲ್ಲಿ ಪ್ರಥಮ ಸ್ಪರ್ಧೆ ಏರ್ಪಟ್ಟಿತು. ಅದಾಗಿ ಎರಡೇ ವರ್ಷಗಳಲ್ಲಿ ಹಾನೋವರಿನ ವಿದ್ಯಾರ್ಥಿಗಳ ‘ವಾಂಪೀರ್’ ಎಂಬ ಗ್ಲೈಡರು ಮೊದಲು ಒಂದು ಗಂಟೆಗೂ ಮಿಕ್ಕಿ, ಕೆಲವೇ ದಿನಗಳ ಅಂತರದಲ್ಲಿ ಮೂರು ಗಂಟೆಗೂ ಮಿಕ್ಕಿ ಗಾಳಿಯಲ್ಲಿ ನಿಂತು, ಇದು ಹುಡುಗಾಟವಲ್ಲ, ಒಂದು ಶಾಸ್ತ್ರವೆಂಬುದನ್ನು ಸ್ಥಾಪಿಸಿತು.

ಆ ವಾಂಪೀರಿನ ರಚನಾಕ್ರಮವನ್ನು ಇಲ್ಲಿಯೇ ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಮುಂದಿನ ಮೂವತ್ತು ವರ್ಷಗಳ ಗ್ಲೈಡರುಗಳೆಲ್ಲ ಬಹುಮಟ್ಟಿಗೆ ಅದೇ ಮಾರ್ಗವನ್ನು ಅನುಸರಿಸಿದುವು, ಇಂದು ಜೀರ್ಣೋದ್ಧಾರ ಮಾಡುವವನು ಎದುರಿಸುವ ಸಮಸ್ಯೆಗಳೆಲ್ಲವೂ ಅದರಿಂದಲೇ ಹುಟ್ಟುತ್ತವೆ. ರೆಕ್ಕೆಯ ಉದ್ದಕ್ಕೂ ಸ್ಪ್ರೂಸ್ ಅಥವಾ ಪೈನ್ ಮರದ ಒಂದೇ ಒಂದು ತೊಲೆ. ಅದಕ್ಕೆ ಅಡ್ಡಲಾಗಿ ತೆಳುವಾದ ಕಡ್ಡಿಗಳಿಂದ ಹೆಣೆದ, ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬುಗಳು. ತೊಲೆಯಿಂದ ಮುಂದಿನ ಅಂಚಿನವರೆಗೆ ಬಾಗಿಸಿ ಅಂಟಿಸಿದ, ಒಂದು ಮಿಲಿಮೀಟರಿನ ಆಸುಪಾಸಿನಷ್ಟೇ ದಪ್ಪವಾದ ಬರ್ಚ್ ಪ್ಲೈವುಡ್ಡಿನ ಹೊದಿಕೆ. ತೊಲೆಯ ಹಿಂದಿನ ಭಾಗಕ್ಕೆಲ್ಲ ಬಿಗಿದ ಬಟ್ಟೆ. ಮುಂದಿನ ಪ್ಲೈವುಡ್ ಹೊದಿಕೆಯೂ ತೊಲೆಯೂ ಸೇರಿ ಒಂದು ಮುಚ್ಚಿದ ಕೊಳವೆಯಂತಾಗಿ, ರೆಕ್ಕೆ ತಿರುಚಿಕೊಳ್ಳದಂತೆ ತಡೆಯುತ್ತವೆ. ಅಂಟು ಬಿಟ್ಟಿತೆಂದರೆ ಆ ಕೊಳವೆ ಸೀಳಿತು. ಕೊಳವೆ ಸೀಳಿದರೆ ರೆಕ್ಕೆಯ ಬಲವೇ ಹೋಯಿತು.

ಈ ಮಾರ್ಗದಲ್ಲಿ ಬೆಳೆದ 1930ರ ದಶಕವನ್ನು ಮರದ ಗ್ಲೈಡರುಗಳ ಸುವರ್ಣಯುಗವೆಂದರೆ ಅತಿಶಯೋಕ್ತಿಯಾಗದು. ರೋಬರ್ಟ್ ಕ್ರೋನ್‌ಫೆಲ್ಡನು 1929ರಲ್ಲಿಯೇ ನೂರು ಕಿಲೋಮೀಟರಿನ ಗಡಿಯನ್ನು ದಾಟಿದ್ದನು. ಸೈಲೀಸಿಯದ ಗ್ರೂನೌ ಎಂಬ ಹಳ್ಳಿಯಲ್ಲಿ ಎಡ್ಮಂಡ್ ಷ್ನೈಡರನು ರಚಿಸಿದ ‘ಗ್ರೂನೌ ಬೇಬಿ’, ಸಹಸ್ರಾರು ಸಂಖ್ಯೆಯಲ್ಲಿ ನಿರ್ಮಾಣಗೊಂಡು ಅನೇಕ ದೇಶಗಳ ತರುಣರಿಗೆ ಹಾರಾಟದ ಮೊದಲ ಪಾಠವನ್ನು ಕಲಿಸಿತು. ವೋಲ್ಫ್ ಹಿರ್ಟನ ‘ಮಿನಿಮೋವಾ’ವು, ಕಡಲಹಕ್ಕಿಯ ರೆಕ್ಕೆಗಳಂತೆ ನಡುವೆ ಬಾಗಿದ 17 ಮೀಟರು ಉದ್ದದ ತನ್ನ ರೆಕ್ಕೆಗಳಿಂದ, ಕಂಡವರ ಕಣ್ಣಿಗೆ ಇಂದಿಗೂ ಹಬ್ಬವಾಗಿರುವ ಗ್ಲೈಡರು. ಹಾನ್ಸ್ ಯಾಕೋಬ್ಸನ ‘ಮೈಜೆ’ಯು 1940ರಲ್ಲಿ ಹೆಲ್ಸಿಂಕಿಯಲ್ಲಿ ನಡೆಯಬೇಕಾಗಿದ್ದ ಒಲಿಂಪಿಕ್ ಕ್ರೀಡೆಗಳಿಗೆಂದು ಆರಿಸಲ್ಪಟ್ಟು, ಯುದ್ಧದ ಕಾರಣದಿಂದ ಆ ಕ್ರೀಡೆಗಳೇ ನಡೆಯದೆಹೋದರೂ, ‘ಒಲಿಂಪಿಯ’ ಎಂಬ ಹೆಸರನ್ನು ಶಾಶ್ವತವಾಗಿ ಪಡೆದುಕೊಂಡಿತು.

ಇಷ್ಟು ಸಮೃದ್ಧವಾಗಿದ್ದ ಸಂಪತ್ತು ಎರಡು ಹೊಡೆತಗಳಿಂದ ನಾಶವಾಯಿತು. ಮೊದಲನೆಯದು 1945ರದು. ಸೋತ ಜರ್ಮನಿಯಲ್ಲಿ ಹಾರಾಟ ನಿಷಿದ್ಧವಾಗಿ, ಅಸಂಖ್ಯ ಗ್ಲೈಡರುಗಳು ಬೆಂಕಿಗೆ ಆಹುತಿಯಾದುವು; ಕೆಲವು ಯುದ್ಧದ ಗಳಿಕೆಯಾಗಿ ಪರದೇಶಗಳಿಗೆ ಸಾಗಿದುವು; ಕೆಲವನ್ನು ಅವುಗಳ ಮೇಲೆ ಮಮತೆಯಿದ್ದವರು ಹುಲ್ಲಿನ ಕೊಟ್ಟಿಗೆಗಳಲ್ಲಿ ಬಚ್ಚಿಟ್ಟರು. 1951ರಲ್ಲಿ ನಿಷೇಧ ತೆರವಾದರೂ, ಎರಡನೆಯ ಹೊಡೆತವು ದೂರವಿರಲಿಲ್ಲ. 1957ರಲ್ಲಿ ಸ್ಟುಟ್‌ಗಾರ್ಟಿನ ವಿದ್ಯಾರ್ಥಿಗಳ ಸಂಘವು ಗಾಜಿನ ನಾರಿನಿಂದ ನಿರ್ಮಿಸಿದ ‘ಫೀನಿಕ್ಸ್’ ಹಾರಿದೊಡನೆಯೇ ಮರದ ಯುಗವು ಮುಗಿಯತೊಡಗಿತು. ಗ್ರೂನೌ ಬೇಬಿಯು ಒಂದು ಕಿಲೋಮೀಟರು ಎತ್ತರದಿಂದ ನಿಶ್ಚಲವಾದ ಗಾಳಿಯಲ್ಲಿ ಇಳಿಯುತ್ತ ಹದಿನೇಳು ಕಿಲೋಮೀಟರು ದೂರ ಹೋಗಬಲ್ಲದಾದರೆ, ಹೊಸ ನಾರಿನ ಗ್ಲೈಡರುಗಳು ಅದರ ಇಮ್ಮಡಿಗೂ ಹೆಚ್ಚು ದೂರವನ್ನು ಕ್ರಮಿಸುವಂತಾದುವು. ಸ್ಪರ್ಧೆಯಲ್ಲಿ ಗೆಲ್ಲಲಾರದ ಮರದ ಗ್ಲೈಡರನ್ನು ಯಾರು ಕೇಳುವರು? ಅವು ಸೋರುವ ಗಾಡಿಪೆಟ್ಟಿಗೆಗಳಲ್ಲಿ ಮಲಗಿ, ಇಲಿಗಳಿಗೆ ಬಿಡಾರವಾಗಿ, ಕೊನೆಗೆ ಸೌದೆಯ ರಾಶಿಯನ್ನು ಸೇರಿದುವು.

ಈ ನಷ್ಟವನ್ನು ಕಂಡು ಮರುಗಿದವರಲ್ಲಿ ಬ್ರಿಟನ್ನಿನ ಕ್ರಿಸ್ಟಫರ್ ವಿಲ್ಸ್ ಪ್ರಮುಖರು. 1952ರಲ್ಲಿ ಜಗತ್ತಿನ ಗ್ಲೈಡಿಂಗ್ ಚಾಂಪಿಯನ್ನಾದ ಫಿಲಿಪ್ ವಿಲ್ಸ್ ಅವರ ಪುತ್ರರಾದ ಇವರು 1973ರಲ್ಲಿ ಹಳೆಯ ಗ್ಲೈಡರುಗಳಿಗಾಗಿಯೇ ‘ವಿಂಟೇಜ್ ಗ್ಲೈಡರ್ ಕ್ಲಬ್ಬ’ನ್ನು ಹುಟ್ಟುಹಾಕಿದರು. ಅಂದಿನಿಂದ ನಾನಾ ದೇಶಗಳ ಮರದ ಗ್ಲೈಡರುಗಳು ಬೇಸಗೆಯಲ್ಲಿ ಒಂದೆಡೆ ಕೂಡಿ ಹಾರುವ ಸಂಪ್ರದಾಯ ಬೆಳೆಯಿತು. ಇಂಗ್ಲೆಂಡಿನ ಲ್ಯಾಷಮ್ಮಿನಲ್ಲಿ ಗ್ಲೈಡಿಂಗ್ ಹೆರಿಟೇಜ್ ಸೆಂಟರೂ, ಅಮೆರಿಕದ ಎಲ್‌ಮೈರಾದಲ್ಲಿ ನ್ಯಾಷನಲ್ ಸೋರಿಂಗ್ ಮ್ಯೂಸಿಯಮ್ಮೂ, ವಾಸರ್‌ಕುಪ್ಪೆಯಲ್ಲಿ ಜರ್ಮನಿಯ ಗ್ಲೈಡರ್ ವಸ್ತುಸಂಗ್ರಹಾಲಯವೂ, ಅದೇ ಬೆಟ್ಟದ ಮೇಲೆ ಹಳೆಯ ಗ್ಲೈಡರುಗಳನ್ನು ಸಜ್ಜುಗೊಳಿಸಿ ಹಾರಿಸುವ ಉತ್ಸಾಹಿಗಳ ಸಂಘವೂ ಇಂದು ಈ ಕಾರ್ಯದ ನೆಲೆಗಳಾಗಿವೆ.

ಈಗ ಕಾರ್ಯಾಗಾರದೊಳಕ್ಕೆ ಬರೋಣ. ಕೊಟ್ಟಿಗೆಯಿಂದ ಹೊರತೆಗೆದ ರೆಕ್ಕೆಯೊಂದು ಮೇಜಿನ ಮೇಲೆ ಮಲಗಿದೆಯೆನ್ನಿ. ಜೀರ್ಣೋದ್ಧಾರದ ಮೊದಲ ಕೆಲಸವು ದುರಸ್ತಿಯಲ್ಲ, ಪರೀಕ್ಷೆ. ಬಲ್ಲವನು ಬೆರಳ ಗಿಣ್ಣಿನಿಂದ ಪ್ಲೈವುಡ್ ಹೊದಿಕೆಯ ಉದ್ದಕ್ಕೂ, ಒಂದೊಂದು ಪಕ್ಕೆಲುಬಿನ ಮೇಲೆಯೂ ಮೆಲ್ಲನೆ ತಟ್ಟುತ್ತ ಹೋಗುತ್ತಾನೆ. ಅಂಟು ಗಟ್ಟಿಯಾಗಿರುವೆಡೆ ಸದ್ದು ಮೊಟಕಾಗಿ, ಗಟ್ಟಿಯಾಗಿ ಕೇಳಿಸುತ್ತದೆ. ಅಂಟು ಬಿಟ್ಟಿರುವೆಡೆ ಹೊದಿಕೆಯು ಅದಿರಿ ಟೊಳ್ಳು ದನಿ ಹೊರಡುತ್ತದೆ. ಅನುಮಾನ ಬಂದ ಸ್ಥಳಕ್ಕೆ ಸೀಮೆಸುಣ್ಣದ ಗುರುತು ಬೀಳುತ್ತದೆ. ಬಳಿಕ ರೆಕ್ಕೆಯ ಕೆಳಮೈಯ ಕಿಂಡಿಯಿಂದ ಪುಟ್ಟ ದೀಪವನ್ನೂ ಹಿಡಿಕೆಯುಳ್ಳ ಕನ್ನಡಿಯನ್ನೂ ಒಳಗಿಳಿಸಿ, ಮರದ ಬಣ್ಣ ಕಪ್ಪಾಗಿದೆಯೇ, ಬೂಷ್ಟು ಹಿಡಿದಿದೆಯೇ, ನೀರು ನಿಂತ ಕಲೆಯಿದೆಯೇ ಎಂದು ನೋಡುತ್ತಾನೆ. ರೆಕ್ಕೆಯ ಅತ್ಯಂತ ತಗ್ಗಿನ ಮೂಲೆಗಳು, ನೀರು ಹರಿದುಹೋಗಲೆಂದು ಕೊರೆದು ಕಾಲಕ್ರಮದಲ್ಲಿ ಧೂಳಿನಿಂದ ಮುಚ್ಚಿಹೋದ ಸಣ್ಣ ರಂಧ್ರಗಳ ಸುತ್ತಮುತ್ತ, ಇಲಿ ಗೂಡು ಕಟ್ಟಿದ ಎಡೆಗಳು, ಇವೇ ವ್ಯಾಧಿಯ ತವರುಗಳು. ಇಲಿಯ ಮೂತ್ರವು ಅಂಟನ್ನೂ ಉಕ್ಕಿನ ತುಂಡುಗಳನ್ನೂ ಒಂದೇ ಸಮನೆ ತಿನ್ನುವುದು.

ಇದರಲ್ಲೊಂದು ಸತ್ಯವು ಅನೇಕರಿಗೆ ಅಚ್ಚರಿಯೆನಿಸಬಹುದು: ಒಣಗಿದ ಒಳ್ಳೆಯ ಮರವು ಸುಲಭವಾಗಿ ಮುಪ್ಪಾಗುವುದಿಲ್ಲ. ಪದೇ ಪದೇ ಬಾಗಿ ನಿಮಿರುವುದನ್ನು ಅದು ಅನೇಕ ಲೋಹಗಳಿಗಿಂತಲೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಮುಪ್ಪು ಬರುವುದು ಅಂಟಿಗೆ. ಮೊದಲ ಕಾಲದ ಗ್ಲೈಡರುಗಳಲ್ಲಿ ಬಳಸಿದುದು ಹಾಲಿನಿಂದ ತೆಗೆದ ಕೇಸೀನಿಗೆ ಸುಣ್ಣ ಬೆರೆಸಿ ಮಾಡಿದ ಅಂಟು. ತೇವವಿಲ್ಲದಿರುವವರೆಗೆ ಅದು ದೃಢವಾಗಿದ್ದು, ತೇವ ತಗಲಿದೊಡನೆ ಬೂಷ್ಟಿಗೆ ಆಹಾರವಾಗುತ್ತದೆ. ಅದರ ಬಳಿಕ, 1930ರ ದಶಕದಲ್ಲಿ, ಜರ್ಮನಿಯಲ್ಲಿ ಯೂರಿಯಾ ಮತ್ತು ಫಾರ್ಮಾಲ್ಡಿಹೈಡಿನಿಂದಾದ ‘ಕೌರಿಟ್’ ಎಂಬ ಕೃತಕ ಅಂಟು ಬಳಕೆಗೆ ಬಂದಿತು. ಇದು ಬೂಷ್ಟಿಗೆ ಬಗ್ಗದಾದರೂ, ಎರಡು ಮೈಗಳು ಒಂದಕ್ಕೊಂದು ಬಿಗಿಯಾಗಿ ಕೂಡದೆ ನಡುವೆ ಸಂದು ಉಳಿದೆಡೆಯಲ್ಲಿ, ವರ್ಷಗಳು ಕಳೆದಂತೆ ಗಾಜಿನಂತೆ ಬಿರುಸಾಗಿ ಬಿರುಕು ಬಿಡುತ್ತದೆ. ಹೊರಗಿನಿಂದ ನುಣುಪಾಗಿ ಕಾಣುವ ರೆಕ್ಕೆಯ ಒಳಗಿನ ಜೋಡಣೆಯಲ್ಲಿ ಉಳಿಯ ತುದಿಯನ್ನು ಇಟ್ಟೊಡನೆ, ಮರದ ಎಳೆಯೊಂದೂ ಹರಿಯದೆ, ಅಂಟಿನ ಪದರವೇ ಸ್ವಚ್ಛವಾಗಿ ಕಳಚಿಬಂದಿತೆಂದರೆ, ಆ ಜೋಡಣೆ ಸತ್ತಿತೆಂದು ತಿಳಿಯಬೇಕು. ಒಳ್ಳೆಯ ಜೋಡಣೆಯನ್ನು ಬಲವಂತವಾಗಿ ಒಡೆದರೆ ಒಡೆಯುವುದು ಮರ, ಅಂಟಲ್ಲ. ತೊಲೆಯ ಮೇಲೆ ಹುಡುಕಬೇಕಾದ ಇನ್ನೊಂದು ದೋಷವು ಇದಕ್ಕಿಂತಲೂ ಸೂಕ್ಷ್ಮವಾದುದು. ಎಂದೋ ಒರಟಾಗಿ ನೆಲಕ್ಕಿಳಿದಾಗ, ಮಿತಿಮೀರಿದ ಭಾರ ಬಿದ್ದಾಗ, ಮರದ ಎಳೆಗಳು ಒಳಗೊಳಗೇ ಜಜ್ಜಿಹೋಗಿ, ಎಳೆಗೆ ಅಡ್ಡಲಾಗಿ ಕೂದಲಿನಷ್ಟೇ ಸಪುರವಾದ ಒಂದು ಗೆರೆ ಮೂಡಿರುತ್ತದೆ. ಓರೆ ಬೆಳಕಿನಲ್ಲಿ ನೋಡದಿದ್ದರೆ ಕಾಣದ ಆ ಗೆರೆಯು ಇಡೀ ರೆಕ್ಕೆಯನ್ನು ಹಾರಾಟಕ್ಕೆ ಅಯೋಗ್ಯವಾಗಿಸಲು ಸಾಕು.

ದೋಷವನ್ನು ಗುರುತಿಸಿದ ಮೇಲೆ ದುರಸ್ತಿ. ಕೆಟ್ಟ ಮರವನ್ನು ಕೊಯ್ದು ತೆಗೆದು ಹೊಸ ಮರವನ್ನು ಕೂಡಿಸುವಲ್ಲಿ ತುದಿಗೆ ತುದಿಯನ್ನು ನೇರವಾಗಿ ತಾಗಿಸಿ ಅಂಟಿಸಿದರೆ ಅದು ನಿಲ್ಲದು. ಎರಡೂ ತುದಿಗಳನ್ನು ದೀರ್ಘವಾದ ಓರೆಯಾಗಿ, ಅಂದರೆ ಒಂದಂಗುಲ ದಪ್ಪದ ಮರಕ್ಕೆ ಹನ್ನೆರಡಂಗುಲವಾದರೂ ಉದ್ದ ಬರುವಂತೆ, ಕೀಸಬೇಕು. ಹಾಗೆ ಕೀಸಿದ ಎರಡು ಮೈಗಳು ಬೆಳಕು ತೂರದಂತೆ ಒಂದರ ಮೇಲೊಂದು ಕೂಡಬೇಕು. ಕೀಸುಳಿಯ ಅಲಗು ಮಸೆದು ಮಸೆದು ಹರಿತವಾಗಿರಬೇಕು. ಮರಳುಕಾಗದದಿಂದ ತಿಕ್ಕಿ ಮುಗಿಸಿದರೆ ಹುಡಿಯು ಮರದ ರಂಧ್ರಗಳನ್ನು ಮುಚ್ಚಿ ಅಂಟು ಹಿಡಿಯದು. ಹೊಸ ಮರದ ಎಳೆಗಳು ನೆಟ್ಟಗಿರಬೇಕು, ಗಂಟಿರಬಾರದು, ತೇವಾಂಶವು ಹಳೆಯ ಮರದ ತೇವಾಂಶಕ್ಕೆ ಸಮನಾಗಿರಬೇಕು. ಅಂಟು ಒಣಗುವಾಗಿನ ಶಾಖವನ್ನೂ ಒತ್ತಡವನ್ನೂ ಗಮನಿಸಿ, ಅದೇ ಅಂಟಿನಿಂದ ಅದೇ ದಿನ ಕೂಡಿಸಿದ ಒಂದು ಮಾದರಿ ತುಂಡನ್ನು ಒಡೆದು ನೋಡಿ, ಬಲ ಬಂದಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ಮರದ ಕೆಲಸ ಮುಗಿದ ಮೇಲೆ ಬಟ್ಟೆಯ ಕೆಲಸ. ಪಕ್ಕೆಲುಬುಗಳ ಮೇಲೆ ಬಟ್ಟೆಯನ್ನು ಹೊದಿಸಿ, ಉದ್ದನೆಯ ಸೂಜಿಯಿಂದ ಮೇಲಿನ ಬಟ್ಟೆಯನ್ನೂ ಕೆಳಗಿನ ಬಟ್ಟೆಯನ್ನೂ ಪಕ್ಕೆಲುಬಿಗೆ ಸೇರಿಸಿ ಹೊಲಿದು, ಸಮಾನವಾದ ಅಂತರದಲ್ಲಿ ಗಂಟು ಹಾಕುತ್ತಾರೆ. ಅನಂತರ ‘ಡೋಪ್’ ಎಂಬ ದ್ರವವನ್ನು ಲೇಪಲೇಪವಾಗಿ ಬಳಿಯುವರು. ಅದು ಆರುತ್ತ ಆರುತ್ತ ಬಟ್ಟೆಯನ್ನು ಎಳೆದು ಬಿಗಿದು, ಬೆರಳಿನಿಂದ ಮಿಡಿದರೆ ಮದ್ದಲೆಯ ಮುಖದಂತೆ ನುಡಿಯುವಷ್ಟು ಬಿಗಿಮಾಡುತ್ತದೆ. ಹಿಂದೆ ಹತ್ತಿಯ ಅಥವಾ ನಾರಗಸೆಯ ಬಟ್ಟೆಯೂ ಬೆಂಕಿಗೆ ಬಹುಬೇಗ ತುತ್ತಾಗುವ ನೈಟ್ರೇಟ್ ಡೋಪೂ ಬಳಕೆಯಲ್ಲಿದ್ದುವು. ಇಂದು ಹಾರುವ ಗ್ಲೈಡರುಗಳಲ್ಲಿ ಹೆಚ್ಚಿನವು ಬಾಳಿಕೆ ಬರುವ ಪಾಲಿಯೆಸ್ಟರ್ ಬಟ್ಟೆಯನ್ನು ಉಟ್ಟಿವೆ.

ಹೀಗೆ ಅಂಟು ಬದಲಾಯಿತು, ಬಟ್ಟೆ ಬದಲಾಯಿತು, ಮರದ ಒಂದಷ್ಟು ಭಾಗವೂ ಬದಲಾಯಿತು ಎಂದಾಗ, ಉಳಿದುದೇನು ಎಂಬ ಪ್ರಶ್ನೆ ಏಳುವುದು ಸಹಜ. ಈ ಕ್ಷೇತ್ರದಲ್ಲಿ ಎರಡು ಪಕ್ಷಗಳಿವೆ. ವಸ್ತುಸಂಗ್ರಹಾಲಯದ ಪಕ್ಷವು, ಹಳೆಯ ಗ್ಲೈಡರು ಒಂದು ದಾಖಲೆ. ಅದರ ಅಂಟಿನ ಕಲೆ, ಪೆನ್ಸಿಲಿನ ಗುರುತು, ಬಣ್ಣದ ಕೆಳಗಿನ ಬಣ್ಣ ಎಲ್ಲವೂ ಸಾಕ್ಷ್ಯ. ಹಾರಿಸಬೇಕೆಂಬ ಆಸೆಯಿಂದ ಸಾಕ್ಷ್ಯವನ್ನು ಅಳಿಸಬಾರದು ಎನ್ನುತ್ತದೆ. ಹಾರಿಸುವವರ ಪಕ್ಷವು, ಗ್ಲೈಡರು ಗಾಳಿಗಾಗಿ ಹುಟ್ಟಿದುದು. ಅದರ ಗುಣವು ನೋಟದಲ್ಲಿಲ್ಲ, ಚಲನೆಯಲ್ಲಿದೆ. ಹಾರದ ಗ್ಲೈಡರಿನ ಶುಶ್ರೂಷೆಗೆ ಯಾರೂ ಬಾರರು, ಶುಶ್ರೂಷೆಯಿಲ್ಲದೆ ವಿದ್ಯೆಯೂ ಉಳಿಯದು ಎನ್ನುತ್ತದೆ. ಎರಡರಲ್ಲಿಯೂ ಸತ್ಯವಿದೆ. ನನ್ನ ಮತಕ್ಕೆ ತೋರುವುದಿಷ್ಟು: ಇದರ ನಿರ್ಣಯವು ಸಂಖ್ಯೆಯನ್ನು ಅವಲಂಬಿಸಬೇಕು. ತನ್ನ ಜಾತಿಯಲ್ಲಿ ಒಂದೇ ಒಂದಾಗಿ ಉಳಿದಿರುವುದನ್ನು, ಮ್ಯೂನಿಕ್ಕಿನ ಡಾಯ್‌ಚಸ್ ಮ್ಯೂಸಿಯಮ್ಮಿನಲ್ಲಿರುವ ವಾಂಪೀರಿನಂತೆ, ಇದ್ದುದು ಇದ್ದಂತೆಯೇ, ಹದವಾದ ತೇವಾಂಶದಲ್ಲಿ, ಕೈಸೋಕದೆ ಕಾಯಬೇಕು. ಗ್ರೂನೌ ಬೇಬಿಯಂತೆ ಹಲವು ಉಳಿದಿರುವುದನ್ನು ಎಚ್ಚರಿಕೆಯಿಂದ, ಹಿತವಾದ ಹವೆಯಲ್ಲಿ, ವೇಗದ ಮಿತಿಯೊಳಗೆ ಹಾರಿಸಬೇಕು.

ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು; ಅದು ಪ್ರತಿಕೃತಿಯ ನಿರ್ಮಾಣ. ಯಾಕೋಬ್ಸನ ‘ಹಾಬಿಷ್ಟ್’ ಎಂಬ ಗ್ಲೈಡರು ಆಕಾಶದಲ್ಲಿ ಪಲ್ಟಿ ಹೊಡೆಯುವ ಕಸರತ್ತಿಗಾಗಿಯೇ ರಚಿತವಾದುದು. ಇಂದು ಹಾರುವುದು ಅದರ ಪ್ರತಿಕೃತಿ. ಪ್ರತಿಕೃತಿಯಿಂದ ಜ್ಞಾನವೂ ಬೆಳೆಯುತ್ತದೆ. ಲಿಲಿಯೆಂಟಾಲನ ಹುಟ್ಟೂರಾದ ಆಂಕ್ಲಾಮಿನ ವಸ್ತುಸಂಗ್ರಹಾಲಯವು ಅವನ ಗ್ಲೈಡರಿನ ನಿಷ್ಠವಾದ ಪ್ರತಿಕೃತಿಯನ್ನು ನಿರ್ಮಿಸಿಕೊಟ್ಟು, 2016ರಲ್ಲಿ ಜರ್ಮನಿಯ ವ್ಯೋಮಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ವಾಯುಸುರಂಗದಲ್ಲಿರಿಸಿ ಪರೀಕ್ಷಿಸಿದಾಗ, ಅದು ಸ್ಥಿರವಾಗಿ ಹಾರಬಲ್ಲ ಯಂತ್ರವೆಂಬುದು ಮಾಪನಗಳಿಂದ ವ್ಯಕ್ತವಾಯಿತು. ನೂರಿಪ್ಪತ್ತು ವರ್ಷಗಳ ಹಿಂದೆ ಗತಿಸಿದವನ ಕೌಶಲಕ್ಕೆ ಅಂಕಿಗಳ ಪ್ರಮಾಣ ದೊರೆಯಬೇಕಾದರೆ ಮೂಲ ವಸ್ತುವನ್ನು ಯಾರೋ ಕಾಯ್ದಿಟ್ಟಿರಬೇಕು, ಅದನ್ನು ಅಳೆದು ಮತ್ತೆ ಕಟ್ಟುವ ಕೈಗಳೂ ಉಳಿದಿರಬೇಕು.

ಆದುದರಿಂದ ಜೀರ್ಣೋದ್ಧಾರದಲ್ಲಿ ಲೇಖನಿಯ ಕೆಲಸವು ಉಳಿಯ ಕೆಲಸಕ್ಕಿಂತ ಕಡಿಮೆಯದಲ್ಲ. ಬಿಚ್ಚುವ ಮೊದಲೇ ಛಾಯಾಚಿತ್ರ, ಬಿಚ್ಚುವಾಗ ಅಳತೆ, ತೆಗೆದ ತುಂಡಿಗೆ ಗುರುತು, ಸೇರಿಸಿದ ತುಂಡಿಗೆ ತಾರೀಕು, ಬಳಸಿದ ಅಂಟಿನ ಹೆಸರು ಎಲ್ಲವೂ ಪುಸ್ತಕಕ್ಕೆ ಏರಬೇಕು. ಮಾರ್ಟಿನ್ ಸೈಮನ್ಸ್ ಎಂಬ ವಿದ್ವಾಂಸರು 1920ರಿಂದ 2000ದವರೆಗಿನ ಗ್ಲೈಡರುಗಳ ರೇಖಾಚಿತ್ರಗಳನ್ನೂ ಚರಿತ್ರೆಯನ್ನೂ ಮೂರು ಸಂಪುಟಗಳಲ್ಲಿ ಸಂಗ್ರಹಿಸಿಕೊಟ್ಟಿರುವುದು, ಇಂತಹ ಕಾಗದದ ರಕ್ಷಣೆಯೂ ವಸ್ತುವಿನ ರಕ್ಷಣೆಯೇ ಎಂಬುದಕ್ಕೆ ನಿದರ್ಶನ.

ನಮ್ಮ ದೇಶಕ್ಕೂ ಈ ವಿಷಯಕ್ಕೂ ನಂಟಿದೆ. ಆ ಕಾಲದ ಯೂರೋಪಿನ ಗ್ಲೈಡರುಗಳ ರೆಕ್ಕೆಯ ಆಕಾರಗಳಲ್ಲಿ ಹಲವು ಪ್ರೊಫೆಸರ್ ಪ್ರಾಂಟ್ಲ್ ಅವರ ಗ್ಯೊಟಿಂಗೆನ್ ಪ್ರಯೋಗಶಾಲೆಯಿಂದ ಬಂದುವು. ಗ್ರೂನೌ ಬೇಬಿಯ ರೆಕ್ಕೆ ಆ ಶಾಲೆಯ 535ನೆಯ ಆಕೃತಿ. ಅದೇ ಪ್ರಾಂಟ್ಲ್ ಅವರ ಶಿಷ್ಯರಾದ ಡಾ. ವಿ. ಎಂ. ಘಾಟಗೆಯವರು, ದ್ವಿತೀಯ ಮಹಾಯುದ್ಧದ ಕಾಲದಲ್ಲಿ, ಬೆಂಗಳೂರಿನಲ್ಲಿ ಆಗತಾನೆ ತಲೆಯೆತ್ತಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ, ಹತ್ತು ಆಸನಗಳ ಸೈನಿಕ ಗ್ಲೈಡರೊಂದನ್ನು ರಚಿಸಿದರು. ಯುದ್ಧ ಮುಗಿದು ಸ್ವಾತಂತ್ರ್ಯ ಬಂದ ಮೇಲೆ ದೆಹಲಿಯಲ್ಲಿ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರವು, ಎಸ್. ರಾಮಾಮೃತಂ ಮೊದಲಾದವರ ನೇತೃತ್ವದಲ್ಲಿ, ಮರದ ಗ್ಲೈಡರುಗಳ ಒಂದು ಪರಂಪರೆಯನ್ನೇ ನಿರ್ಮಿಸಿ, ಅವಕ್ಕೆ ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶೀರ್, ಆರ್ದ್ರಾ ಎಂದು ನಕ್ಷತ್ರಗಳ ಹೆಸರನ್ನಿಟ್ಟಿತು. 1961ರಲ್ಲಿ ಮೊದಲು ಹಾರಿದ ರೋಹಿಣಿಯಲ್ಲಿ ಗುರುವೂ ಶಿಷ್ಯನೂ ಅಕ್ಕಪಕ್ಕದಲ್ಲಿಯೇ ಕುಳಿತು ಕಲಿಸುವ, ಕಲಿಯುವ ಅನುಕೂಲವಿದ್ದಿತು. ನಮ್ಮವರೇ ಎಣಿಸಿ, ನಮ್ಮವರೇ ಕೀಸಿ ಅಂಟಿಸಿದ ರೆಕ್ಕೆಗಳವು.

ನಮ್ಮ ನಾಡಿನಲ್ಲಿ ದೇವಾಲಯದ ಜೀರ್ಣೋದ್ಧಾರ ಮಾಡುವ ಬಲ್ಲವರು ಕಲ್ಲನ್ನು ಕದಲಿಸುವ ಮುನ್ನ ಪ್ರತಿಯೊಂದಕ್ಕೂ ಅಂಕೆ ಬರೆದು, ತೆಗೆದ ಕ್ರಮದಲ್ಲಿಯೇ ಮರಳಿ ಇಡುತ್ತಾರೆ. ಆ ವಿವೇಕವನ್ನು ಯಂತ್ರಗಳ ವಿಷಯದಲ್ಲಿಯೂ ನಾವು ಬೆಳೆಸಿಕೊಳ್ಳಬೇಕಾಗಿದೆ. ಯೂರೋಪಿನ ಅನುಭವವು ನಮಗೆ ಕಲಿಸುವ ಪಾಠ ಸ್ಪಷ್ಟವಾಗಿದೆ. ಅಲ್ಲಿ ಮರದ ಯುಗವು ಮುಗಿದುದಕ್ಕೂ ರಕ್ಷಣೆಯ ಕಾರ್ಯ ಮೊದಲಾದುದಕ್ಕೂ ನಡುವೆ ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿಯೇ ಎಷ್ಟೋ ಗ್ಲೈಡರುಗಳು ಅಳಿದುವು. ಅಲ್ಲಿನ ಕಾರ್ಯವು ಸರ್ಕಾರದ ಆಜ್ಞೆಯಿಂದಾಗಲಿ ಧನಿಕರ ದಾನದಿಂದಾಗಲಿ ಹುಟ್ಟಿದುದಲ್ಲ. ಚಳಿಗಾಲದ ಸಂಜೆಗಳಲ್ಲಿ ಕ್ಲಬ್ಬಿನ ಕಾರ್ಯಾಗಾರಕ್ಕೆ ಬಂದು, ಹಿರಿಯರ ಪಕ್ಕದಲ್ಲಿ ನಿಂತು, ಅಂಟು ಕಲಸುವುದನ್ನೂ ಕೀಸುಳಿ ಹಿಡಿಯುವುದನ್ನೂ ಕಲಿತ ಸಾಮಾನ್ಯ ಸದಸ್ಯರಿಂದ ಹುಟ್ಟಿದುದು. ನಮ್ಮಲ್ಲಿಯೂ ಪುಣೆಯ ಹಡಪಸರದ ಗ್ಲೈಡಿಂಗ್ ಕೇಂದ್ರದಂತಹ ನೆಲೆಗಳುಂಟು, ತಾಂತ್ರಿಕ ವಿದ್ಯಾಲಯಗಳುಂಟು, ಮರದ ಎಳೆಯನ್ನು ಕಣ್ಣಿನಿಂದಲೇ ಓದಬಲ್ಲ ಬಡಗಿಗಳು ಊರೂರಿನಲ್ಲಿಯೂ ಇದ್ದಾರೆ. ರೋಹಿಣಿಯನ್ನು ಕಟ್ಟಿದವರಲ್ಲಿ, ಹಾರಿಸಿದವರಲ್ಲಿ, ದುರಸ್ತಿ ಮಾಡಿದವರಲ್ಲಿ ಇಂದು ನಮ್ಮೊಡನಿರುವವರನ್ನು ಹುಡುಕಿ ಅವರ ಮಾತನ್ನು ಬರೆದಿಟ್ಟುಕೊಳ್ಳುವುದು, ಉಳಿದಿರುವ ನಕ್ಷೆಗಳನ್ನು ಒಂದೆಡೆ ಕೂಡಿಸುವುದು, ಎಲ್ಲೆಲ್ಲಿ ಯಾವ ಗ್ಲೈಡರು ಯಾವ ಸ್ಥಿತಿಯಲ್ಲಿದೆಯೆಂದು ಪಟ್ಟಿಮಾಡಿ ಮೊದಲು ಮಳೆ ಸೋಕದ ಸೂರಿನ ಕೆಳಗೆ ತರುವುದು, ಇವಕ್ಕೆ ಹೆಚ್ಚಿನ ಹಣ ಬೇಡ. ಮರವು ಒಣ ಜಾಗದಲ್ಲಿ ಇನ್ನೂ ಐವತ್ತು ವರ್ಷ ಕಾದೀತು. ಅದನ್ನು ಬಲ್ಲ ಮನುಷ್ಯರು ಅಷ್ಟು ಕಾಲ ಕಾಯಲಾರರು. ಆದುದರಿಂದ ಅವರ ಬಳಿಗೆ ಹೋಗಿ ಕೇಳಿ ಬರೆದುಕೊಳ್ಳುವುದೇ ನಾವು ಮಾಡಬೇಕಾದ ಮೊದಲ ಕೆಲಸ.